ಎನಿಡ್ ಹಾರ್ಸ್‌ಫಾಲಳ ರಾಟೆ

ನಮ್ಮೂರು ಟಾಡ್ಮರ್ಡನ್ನಿನಲ್ಲಿ ಗುರುವಾರ ಹಳೆಸಾಮಾನಿನ ಸಂತೆ. ಮಾರುಕಟ್ಟೆಯ ಹಿಂಭಾಗದಲ್ಲಿ, ಮೀನಂಗಡಿಯ ವಾಸನೆ ಬಂದು ಮುಗಿಯುವ ಕಡೆ, ನನ್ನ ಕಟ್ಟೆ. ಮುರಿದ ಕುರ್ಚಿ, ಸತ್ತವರ ಬೂಟು, ಗಂಟೆ ಹೊಡೆಯದ ಗಡಿಯಾರ, ತಪ್ಪು ಗಂಟೆ ಹೊಡೆಯುವ ಗಡಿಯಾರ, ಎಲ್ಲವನ್ನೂ ಮಾರಿದ್ದೇನೆ. ಕೊಳ್ಳುವವರು ಮೊದಲು ತಿರುಗಿಸಿ ನೋಡುತ್ತಾರೆ, ಮೂಸುತ್ತಾರೆ, ಆಮೇಲೆ ಒಂದು ಐಬು ಹುಡುಕಿ ಬೆಲೆ ಇಳಿಸಲು ನಿಲ್ಲುತ್ತಾರೆ. ಎನಿಡ್ ಹಾರ್ಸ್‌ಫಾಲ್ ಮಾತ್ರ ಬಂದು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

"ವಿಲ್ಫ್, ಆ ಬೀರೂದು ಬಾಗಿಲು ತೆಗಿ."

ತೆಗೆಯುತ್ತಿದ್ದೆ.

"ಇನ್ನೂ ನಿಧಾನ. ಕಳ್ಳ ತೆಗೆಯೋ ಹಾಗೆ."

ಹಾಗೂ ತೆಗೆಯುತ್ತಿದ್ದೆ.

"ಊಹ್ಞೂಂ. ಇದು ಮರ್ಯಾದಸ್ಥರ ಮನೆ ಬೀರು. ಕಳ್ಳನಿಗೆ ಹೊಂದಲ್ಲ. ಬೇಡ."

ಅವಳ ಉದ್ಯೋಗವೇ ಅದು. ಮ್ಯಾಂಚೆಸ್ಟರಿನ ಒಂದು ರೇಡಿಯೊ ಕೇಂದ್ರದಲ್ಲಿ ನಾಟಕಗಳಿಗೆ ಸದ್ದು ಮಾಡುವವಳು. ಬಾಗಿಲು, ಬೂಟು, ಕುದುರೆ, ಮಳೆ, ಕೊಲೆ, ಎಲ್ಲ ಅವಳ ಕೈಯಲ್ಲಿ. ಎಲೆಕೋಸಿಗೆ ಚಾಕು ಹಾಕಿ ಎಷ್ಟೋ ಮಂದಿ ಜಮೀನ್ದಾರರನ್ನು ಕೊಂದಿದ್ದಾಳೆ. ಕೊಂದ ಎಲೆಕೋಸನ್ನು ಮನೆಗೊಯ್ದು ಬೇಯಿಸಿ ತಿಂದಿದ್ದಾಳೆ.

ನಮ್ಮೂರಲ್ಲಿ ಒಳ್ಳೆಯ ಕಿವಿ ಇದ್ದವರು ಕಡಿಮೆ. ಎನಿಡಳ ತಾಯಿ, ಚಿಕ್ಕಮ್ಮಂದಿರು ಎಲ್ಲರೂ ಹತ್ತಿ ಗಿರಣಿಯಲ್ಲಿ ಮಗ್ಗ ನೋಡಿಕೊಂಡವರು. ಆರುನೂರು ಮಗ್ಗ ಒಟ್ಟಿಗೆ ಬಡಿಯುವ ಕಡೆ ಕಿವಿ ಹತ್ತು ವರ್ಷ ಬಾಳಿದರೆ ಹೆಚ್ಚು. ಅದಕ್ಕೇ ಗಿರಣಿಯ ಹೆಂಗಸರು ತುಟಿ ನೋಡಿ ಮಾತು ಓದುತ್ತಿದ್ದರು. ಬೀದಿಯ ಆ ಬದಿಯ ಮುಚ್ಚಿದ ಕಿಟಕಿಯಿಂದ ಈ ಬದಿಯ ಮುಚ್ಚಿದ ಕಿಟಕಿಗೆ ಪಕ್ಕದ ಮನೆಯವಳ ಚರಿತ್ರೆಯೆಲ್ಲ ದಾಟಿಹೋಗುತ್ತಿತ್ತು, ಒಂದು ಸದ್ದೂ ಇಲ್ಲದೆ. ಎನಿಡ್ ಮಾತು ಕಲಿತದ್ದೇ ತಾಯಿಯ ತುಟಿ ನೋಡಿ. ಹದಿನಾಲ್ಕಕ್ಕೆ ಅವಳೂ ಗಿರಣಿಗೆ ಸೇರಿದಳು. ಕಿವಿ ಕೆಡುವ ಮೊದಲೇ ಯುದ್ಧ ಬಂತು, ಗಿರಣಿ ಅರ್ಧ ಮುಚ್ಚಿತು. ಆಮೇಲೆ ರೇಡಿಯೊ ಕೇಂದ್ರದಲ್ಲಿ ಟೀ ಬಸಿಯುವ ಕೆಲಸ. ಒಂದು ದಿನ ಸದ್ದು ಮಾಡುವವನು ಕುಡಿದು ಬಂದು ಮಳೆಯ ಬದಲು ಗುಡುಗು ಹಾಕಿದ. ಟೀ ಕೊಡಲು ಬಂದ ಎನಿಡ್ ತಟ್ಟೆಯ ಮೇಲೆ ಸಕ್ಕರೆ ಸುರಿದು ಮಳೆ ಬರಿಸಿದಳು. ಅಲ್ಲಿಂದ ಮೂವತ್ತು ವರ್ಷ ಅವಳೇ.

ಎಪ್ಪತ್ತೈದನೇ ಇಸವಿಯಲ್ಲಿ ಆ ಕೇಂದ್ರದಲ್ಲಿ ಒಂದು ಹಾಸ್ಯಮಾಲೆ ಶುರುವಾಯಿತು. ಬಸ್ ಕಂಪನಿಯೊಂದರ ಕಳೆದ ಸಾಮಾನಿನ ಕಚೇರಿಯ ಬಗ್ಗೆ ಗಂಭೀರ ವರದಿ ಮಾಡುವಂತೆ ನಟನೆ. ವರದಿಗಾರ ಗಂಟಲು ಸರಿಮಾಡಿಕೊಂಡು ಪ್ರಶ್ನೆ ಕೇಳುತ್ತಾನೆ, ಕಚೇರಿಯ ಮ್ಯಾನೇಜರ್ ಪಿಲ್ಲಿಂಗ್ ಗಂಭೀರವಾಗಿಯೇ ಉತ್ತರಿಸುತ್ತಾನೆ. ಕಚೇರಿಯೂ ಇಲ್ಲ, ಪಿಲ್ಲಿಂಗೂ ಇಲ್ಲ. ಆದರೂ ಮೊದಲ ವಾರವೇ ಹನ್ನೊಂದು ಜನ ತಮ್ಮ ಕೊಡೆ ಅಲ್ಲಿದೆಯೇ ಎಂದು ವಿಚಾರಿಸಿ ರೇಡಿಯೊ ಕೇಂದ್ರಕ್ಕೆ ಕಾಗದ ಬರೆದರು. ಅದರಲ್ಲಿ ಮೂವರು ನಮ್ಮೂರವರು.

ಎರಡನೇ ಕಂತಿನಲ್ಲಿ ಪಿಲ್ಲಿಂಗ್ ಪಾತ್ರದವನು "ಈ ಕಚೇರಿಯಲ್ಲಿ ಒಂದು ಗುಂಡಿ ಕೂಡ ಕಳೆದುಹೋಗಿಲ್ಲ" ಎಂದವನೇ ಮುಂದಿನ ಮಾತು ಮರೆತ. ಎದುರಿಗೆ ಇನ್ನೂರು ಜನ ಪ್ರೇಕ್ಷಕರು, ಟೇಪು ಓಡುತ್ತಿದೆ. ಆ ಮೌನವನ್ನು ಏನಾದರೂ ತುಂಬಬೇಕಿತ್ತು. ಎನಿಡ್ ಕೈಗೆ ಸಿಕ್ಕ ಹಗ್ಗ ಎಳೆದಳು. ಕಿರ್ರ್ರ್... ಕುಂಯ್. ಸವೆದ ಗಾಲಿಯ ಟೀ ಟ್ರಾಲಿಯೊಂದು ಸಂಶಯಪಡುತ್ತಾ ಹಾದುಹೋದ ಹಾಗೆ ಕೇಳಿಸಿತು. ಪ್ರೇಕ್ಷಕರು ಬಿದ್ದು ಬಿದ್ದು ನಕ್ಕರು. ಮುಂದಿನ ವಾರದಿಂದ ಪಿಲ್ಲಿಂಗ್ ಸುಳ್ಳು ಹೇಳಿದಾಗಲೆಲ್ಲ ಟ್ರಾಲಿ ಹಾಯುವುದು ವಾಡಿಕೆಯಾಯಿತು. ಟ್ರಾಲಿ ತಳ್ಳುವವಳಿಗೆ ಒಂದು ಮಾತೂ ಇಲ್ಲ, ಹೆಸರೂ ಇಲ್ಲ. ದೇಶವೆಲ್ಲ ಅವಳನ್ನೇ ಕಾಯುತ್ತಿತ್ತು.

ಆ ಹಗ್ಗ ಯಾವುದೆಂದು ನಾನು ಹೇಳಬಲ್ಲೆ, ಯಾಕೆಂದರೆ ಮಾರಿದವನು ನಾನು. ನಮ್ಮ ಕಡೆ ಅಡುಗೆಮನೆಯ ಸೂರಿನಿಂದ ಬಟ್ಟೆ ಒಣಗಿಸುವ ಉದ್ದ ಕೋಲುಗಳನ್ನು ತೂಗುಹಾಕಿ, ರಾಟೆಯ ಮೇಲೆ ಹಗ್ಗ ಹಾಯಿಸಿ ಏರಿಸಿ ಇಳಿಸುತ್ತಾರೆ. ಜನ್ಮದಲ್ಲಿ ಎಣ್ಣೆ ಕಾಣದ ಅಂಥದೊಂದು ಕಬ್ಬಿಣದ ರಾಟೆ, ಕೋಲು, ಚೌಕಟ್ಟು ಸಮೇತ. ಎನಿಡ್ ಅದನ್ನು ಸ್ಟುಡಿಯೊದಲ್ಲಿ ಒಂದು ದಪ್ಪ ಪರದೆಯ ಹಿಂದೆ ನಿಲ್ಲಿಸಿಕೊಂಡಿದ್ದಳು. ಪರದೆಯ ಮುಂದೆ ನಟರಿಗೆ ಟೀ ತರುವ ನಿಜವಾದ ಟ್ರಾಲಿ ಇರುತ್ತಿತ್ತು. ಅದರ ಗಾಲಿ ಬೆಣ್ಣೆಯ ಮೇಲೆ ಉರುಳಿದಂತೆ ಉರುಳುತ್ತಿತ್ತು.

ಈಗ ಪಿಯರ್ಸ್ ಹ್ಯಾಡ್ಲಿಯ ವಿಷಯ. ಆ ಮಾಲೆಯನ್ನು ಬರೆದು ನಿರ್ಮಿಸಿದವನು. ಎಲ್ಲರನ್ನೂ ಡಾರ್ಲಿಂಗ್ ಎನ್ನುತ್ತಿದ್ದ. ಹೆಸರು ನೆನಪಿಡುವ ಶ್ರಮ ಅವನಿಗಿರಲಿಲ್ಲ. ಸ್ಟುಡಿಯೊದ ಒಂದು ಗೋಡೆಯಲ್ಲಿ ದಪ್ಪ ಗಾಜು, ಗಾಜಿನಾಚೆ ಒಂದು ಚಿಕ್ಕ ಕೋಣೆ. ಆ ಚಿಕ್ಕ ಕೋಣೆಯಲ್ಲಿ ದೊಡ್ಡವರು ಕೂರುತ್ತಾರೆ. ಸ್ಟುಡಿಯೊದ ಸದ್ದೆಲ್ಲ ಅವರಿಗೆ ಕೇಳುತ್ತದೆ. ಅವರ ಮಾತು, ಗುಂಡಿ ಒತ್ತಿದರೆ ಮಾತ್ರ ಇತ್ತ ಬರುತ್ತದೆ. ಗುಂಡಿ ಒತ್ತದಿದ್ದರೆ ತನ್ನ ಮಾತು ತನ್ನದೇ ಎಂದು ಹ್ಯಾಡ್ಲಿ ತಿಳಿದಿದ್ದ. ಮಗ್ಗದವಳ ಮಗಳೆದುರು ಆರು ವರ್ಷ ಹಾಗೇ ತಿಳಿದಿದ್ದ.

ಆರನೇ ವರ್ಷ ಅವನಿಗೆ ಲಂಡನ್ನಿನಲ್ಲಿ ಬಹುಮಾನ ಬಂತು. ವೇದಿಕೆಯ ಮೇಲೆ, ಟೀ ಟ್ರಾಲಿಯ ವಿಚಾರ ತನಗೆ ಸ್ನಾನದ ತೊಟ್ಟಿಯಲ್ಲಿ ಹೊಳೆಯಿತೆಂದು ಹೇಳಿದ. ಎನಿಡ್ ಪತ್ರಿಕೆಯಲ್ಲಿ ಓದಿ ನನ್ನ ಕಟ್ಟೆಗೆ ಬಂದಳು.

"ಸ್ನಾನದ ತೊಟ್ಟೀಲಂತೆ," ಎಂದಳು.

"ಬೇಜಾರಾಯ್ತಾ?"

"ಸ್ನಾನ ಮಾಡ್ತಾನೆ ಅಂತ ಗೊತ್ತಾಗಿ ಸಮಾಧಾನ ಆಯ್ತು."

ಹಾಗೆಂದಳು, ಆದರೆ ಕೈಯಲ್ಲಿದ್ದ ಮಾಂಸದ ಪೈಯನ್ನು ತಿನ್ನದೆ ಕಾಗದದಲ್ಲಿ ಮಡಿಸಿಟ್ಟಳು. ಎನಿಡ್ ಪೈ ಬಿಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅದಾದ ಎರಡು ತಿಂಗಳಿಗೆ ಮಾಲೆ ಟೆಲಿವಿಷನ್ನಿಗೆ ಹೋಗುವುದು ನಿಶ್ಚಯವಾಯಿತು. ಕೊನೆಯ ರೇಡಿಯೊ ಕಂತಿನ ದಿನ ಹ್ಯಾಡ್ಲಿ ಗಾಜಿನಾಚೆ ಟೆಲಿವಿಷನ್ನಿನವರೊಂದಿಗೆ ನಿಂತಿದ್ದ. ಎನಿಡ್ ಇತ್ತ ಬೂಟು ಜೋಡಿಸುತ್ತಿದ್ದಳು. ಅವನು ಹೇಳಿದ್ದನ್ನು ಅವಳು ನನಗೆ ಆ ಗುರುವಾರ ಇದ್ದ ಹಾಗೇ ಒಪ್ಪಿಸಿದಳು.

"'ಆ ಮುದುಕಿ ಬೇಡ. ಹಗ್ಗ ಜಗ್ಗೋಕೆ, ಬಾಗಿಲು ಬಡಿಯೋಕೆ ಕೋತಿಗೂ ಕಲಿಸ್ಬಹುದು. ಟ್ರಾಲಿ ಮಾತ್ರ ತಗೊಂಡು ಹೋಗೋಣ.' ಹಾಗಂದ. ಅಂದವನೇ ಗುಂಡಿ ಒತ್ತಿ, 'ಡಾರ್ಲಿಂಗ್, ನೀನಿಲ್ದೆ ನಾವೇನ್ ಮಾಡ್ತೀವೋ ಗೊತ್ತಿಲ್ಲ' ಅಂದ."

"ನೀನೇನಂದೆ?"

"'ಟ್ರಾಲಿ ಹುಷಾರು ಸರ್' ಅಂದೆ."

ಟೆಲಿವಿಷನ್ನಿನವರು ಟ್ರಾಲಿಯನ್ನು ಹೊದಿಕೆ ಸುತ್ತಿ, ರಾಣಿಯ ಒಡವೆ ಒಯ್ದಂತೆ ವ್ಯಾನಿನಲ್ಲಿ ಒಯ್ದರು. ಎನಿಡ್ ತನ್ನ ಸ್ವಂತ ರಾಟೆಯನ್ನು ಕಳಚಿ, ರೈಲಿಗೆ ಹಾಕಿ, ನಮ್ಮೂರ ನಿಲ್ದಾಣದಿಂದ ನನ್ನ ಕೈಗಾಡಿಯಲ್ಲಿ ಮನೆಗೆ ತಂದಳು. ಅಡುಗೆಮನೆಯ ಸೂರಿಗೆ ಬಿಗಿದು ಕಾಲುಚೀಲ ಒಣಹಾಕಿದಳು.

"ವಿಲ್ಫ್, ಅವನು ಬರ್ತಾನೆ. ಮೊದಲು ನಿನ್ನ ಹತ್ರ ಬರ್ತಾನೆ. ಏನಾದ್ರೂ ಕೇಳಿದ್ರೆ ಮಾರು."

"ರಾಟೆ ಕೇಳಿದ್ರೆ?"

"ಕೇಳಲ್ಲ. ಆರು ವರ್ಷ ಪರದೆ ಹಿಂದೆ ಇಣುಕದವನು ಈಗ ಇಣುಕ್ತಾನಾ?"

"ಅವನನ್ನ ಏನ್ ಮಾಡ್ಬೇಕು ಅಂತಿದೀಯ?"

"ಆ ನಗು ನಂದು. ಇಡೀ ದೇಶ ಅವನ ಮೇಲೆ ಆ ನಗು ನಗ್ಬೇಕು. ಅಷ್ಟೇ. ಅದಾದ್ಮೇಲೆ ಆ ಸದ್ದು ಯಾರಿಗೂ ಬೇಡ."

ಮೂರು ವಾರಕ್ಕೆ ಬಂದ. ಒಂಟೆಬಣ್ಣದ ಕೋಟು, ತೆಳು ಬೂಟು. ನಮ್ಮ ಮಾರುಕಟ್ಟೆಯ ನೆಲಕ್ಕೆ ಸಲ್ಲದ ಬೂಟು.

"ನೀನೇ ತಾನೆ ಡಾರ್ಲಿಂಗ್, ನಮ್ಮ ಸದ್ದು ಮಾಡೋವಳಿಗೆ ಸಾಮಾನು ಕೊಡ್ತಿದ್ದವನು? ನೋಡು, ಆ ಟ್ರಾಲಿ ಮೂಕ ಆಗ್ಬಿಟ್ಟಿದೆ. ಗಾಲಿ ಬದಲಾಯಿಸಿದ್ವಿ, ಉಪ್ಪುನೀರಲ್ಲಿ ನೆನೆಸಿ ತುಕ್ಕು ಹಿಡಿಸಿದ್ವಿ. ಏನೂ ಇಲ್ಲ."

"ಹಳೇ ಟೇಪಿಂದ ತಗೋಬಹುದಲ್ಲ ಸರ್?"

"ಪ್ರತಿಯೊಂದು ಕಿರ್ ಮೇಲೂ ಇನ್ನೂರು ಜನ ನಗ್ತಿದಾರೆ! ಇದು ನಿಜವಾದ ವರದಿ ಥರ ಕಾಣ್ಬೇಕು. ವರದೀಲಿ ಯಾರ್ ನಗ್ತಾರೆ? ನಂಗೆ ಆ ಸದ್ದು ಬರೀ ಸದ್ದಾಗಿ ಬೇಕು. ಒಂದೇ ಸಲ ಸಿಕ್ರೆ ಸಾಕು."

"ಹಾಗಾದ್ರೆ ಗಾಲಿ ಕಿರುಗುಟ್ಟೋದು ಬೇಕು," ಎಂದೆ.

"ಹೌದು, ಗಾಲಿ, ಗಾಲಿ!"

ಅವನು ಕೇಳಿದ್ದು ಗಾಲಿ. ಗಾಲಿಯನ್ನೇ ಕೊಟ್ಟೆ. ಮೊದಲು ಮಗುವಿನ ತಳ್ಳುಗಾಡಿ. ಮುಂದಿನ ಗುರುವಾರ ಕಲ್ಲಿದ್ದಲು ಸಾಗಿಸುವ ಕೈಗಾಡಿ. ಆಮೇಲೆ ಆಸ್ಪತ್ರೆಯ ಗಾಲಿಕುರ್ಚಿ, ಆಮೇಲೆ ಹುಲ್ಲು ಕತ್ತರಿಸುವ ಯಂತ್ರ, ಆಮೇಲೆ ತೋಟದ ಗೇಟು, ಅದಕ್ಕೆ ಗಾಲಿಯೇ ಇಲ್ಲದಿದ್ದರೂ. ಗೇಟು ತಂದದ್ದು ನನ್ನ ತಂಗಿಯ ಮನೆಯಿಂದ. ಅವಳಿಗೆ ಹೊಸ ಗೇಟು ಬೇಕಿತ್ತು. ಪ್ರತಿ ಸಲವೂ "ಎನಿಡ್ ಇದನ್ನ ಕೇಳಿದ್ದಳು ಸರ್" ಎನ್ನುತ್ತಿದ್ದೆ. ಅದು ಸುಳ್ಳಲ್ಲ, ಅವಳು ಕಣ್ಣು ಮುಚ್ಚಿ ಕೇಳಿ ಬೇಡವೆಂದಿದ್ದಳು. ಅದನ್ನು ಅವನು ವಿಚಾರಿಸಲಿಲ್ಲ. ಮೀನಂಗಡಿಯವಳು ಅವನ ವ್ಯಾನು ಕಂಡಾಗಲೆಲ್ಲ "ವಿಲ್ಫ್, ನಿನ್ನ ಭಾವಮೈದ ಬಂದ!" ಎಂದು ಕೂಗುತ್ತಿದ್ದಳು.

ಕಡೆಗೆ ಎನಿಡಳ ಬಾಗಿಲಿಗೇ ಹೋದ. ಅವಳು ಮೊದಲೇ ನನ್ನನ್ನು ಕರೆಸಿ ಮೂಲೆಯ ಕುರ್ಚಿಯಲ್ಲಿ ಕೂರಿಸಿದ್ದಳು. ಹ್ಯಾಡ್ಲಿ ಸರಿಯಾಗಿ ರಾಟೆಯ ಕೆಳಗೆ ಕೂತ. ತಲೆಯ ಮೇಲೆ ಎನಿಡಳ ಎರಡು ಒಳಅಂಗಿ ತೂಗುತ್ತಿದ್ದವು, ಸಭ್ಯನಾದ್ದರಿಂದ ತಲೆಯೆತ್ತಲಿಲ್ಲ.

"ಡಾರ್ಲಿಂಗ್, ಒಂದು ದಿನ ಬಾ. ಒಂದು ಗಂಟೆ. ಅದು ಹೇಗೆ ಮಾಡ್ತಿದ್ದೆ ಅಂತ ನಾನು ಕೇಳಲ್ಲ."

"ಹೆಸರು ಹಾಕ್ತೀರಾ?" ಎಂದಳು ಎನಿಡ್.

"ಯಾವ ಹೆಸರು?"

"ನಂದು. ಕೊನೇಲಿ ಎಲ್ಲರ ಹೆಸರು ಬರುತ್ತಲ್ಲ, ಅಲ್ಲಿ. 'ಟೀ ಟ್ರಾಲಿ: ಎನಿಡ್ ಹಾರ್ಸ್‌ಫಾಲ್.'"

"ಖಂಡಿತ! ದಪ್ಪ ಅಕ್ಷರದಲ್ಲಿ!"

ಶುಂಠಿ ಕೇಕು ತಿಂದು, ಕೈಕುಲುಕಿ ಹೊರಟ. ಎನಿಡ್ ಕಿಟಕಿಯ ಪರದೆ ಸರಿಸಿ ನಿಂತಳು. ಆಚೆ ಕಾರಿನಲ್ಲಿ ಅವನ ಕಾರ್ಯದರ್ಶಿ ಕಾದಿದ್ದಳು. ಕಾರಿನ ಗಾಜು ಏರಿಸಿತ್ತು, ಬೀದಿ ದೀಪ ಅವನ ಮುಖದ ಮೇಲಿತ್ತು.

"ಏನಂತೆ?" ಎಂದೆ.

"'ಏನ್ ಕೇಳಿದ್ರೂ ಹೂಂ ಅನ್ನು,'" ಎನಿಡ್ ಒಂದೊಂದೇ ಮಾತು ಹೆಕ್ಕಿದಳು. "'ಒಂದು ಸಲ ಟೇಪಿಗೆ ಬಿದ್ರೆ ಆಯ್ತು, ಅದು ಜನ್ಮಪೂರ್ತಿ ನಮ್ದು. ಹೆಸರು ಕೊನೇ ಘಳಿಗೇಲಿ ಕತ್ತರಿಸಿದ್ರಾಯ್ತು.' ಆಮೇಲೆ... ತಾಳು... 'ಆ ಕೇಕು ಇಟ್ಟಿಗೆ ಥರ ಇತ್ತು.'"

ಪರದೆ ಬಿಟ್ಟಳು. ಹೆಸರಿನ ಮಾತಿಗೆ ಅಲುಗದಿದ್ದ ಮುಖ ಕೇಕಿನ ಮಾತಿಗೆ ಕೆಂಪಾಗಿತ್ತು.

"ಯಾವತ್ತಿಗೆ ಬರಬೇಕಂತೆ?" ಎಂದು ಕೇಳಿದೆ.

"ಹನ್ನೆರಡನೇ ತಾರೀಕು, ಬಾಗಿಲ ಹತ್ರ ಹೇಳಿದ. ಅವತ್ತು ಇನ್ನೊಂದು ಟೆಲಿವಿಷನ್ ತಂಡ ಬರ್ತಿದೆಯಂತೆ, ಇವನನ್ನ ಸಂದರ್ಶನ ಮಾಡೋಕೆ. ಸುಳ್ಳು ವರದಿ ಹೇಗೆ ಹುಟ್ತು ಅಂತ ನಿಜವಾದ ವರದಿ. ಇವನೇ ಕರೆಸಿದಾನೆ." ತಲೆಯೆತ್ತಿ ರಾಟೆಯನ್ನು ನೋಡಿದಳು. "ಹೊಲಿಗೆ ಯಂತ್ರಕ್ಕೆ ಹಾಕೋ ಎಣ್ಣೆ ಡಬ್ಬಿ ಇದೆಯಾ ನಿನ್ನ ಕಟ್ಟೇಲಿ? ಕೊಕ್ಕು ಉದ್ದ ಇರೋದು?"

ಹನ್ನೆರಡನೇ ತಾರೀಕು ನಾವಿಬ್ಬರೂ ರಾಟೆಯನ್ನು ಕಂಬಳಿಯಲ್ಲಿ ಸುತ್ತಿ ಮ್ಯಾಂಚೆಸ್ಟರ್ ರೈಲು ಹತ್ತಿದೆವು. ಟಿಕೆಟ್ ನೋಡುವವನು "ಒಳಗೇನು, ಹೆಣನಾ?" ಎಂದ. "ಇನ್ನೂ ಇಲ್ಲ," ಎಂದಳು ಎನಿಡ್.

ಅದೇ ಸ್ಟುಡಿಯೊ, ಅದೇ ಪರದೆ, ಮುಂದೆ ಅದೇ ಮೂಕ ಟ್ರಾಲಿ. ಬಾಗಿಲ ಮೇಲಿನ ಕೆಂಪು ದೀಪ ಆರಿತ್ತು. ಅದು ಹತ್ತಿದರೆ ಟೇಪು ಓಡುತ್ತಿದೆ ಎಂದರ್ಥ. ಆರಿದ್ದರೆ ಏನು ಮಾಡಿದರೂ ಗಾಳಿಗೆ. ಗಾಜಿನಾಚೆ ಹ್ಯಾಡ್ಲಿ ನೀಲಿ ಅಂಗಿಯಲ್ಲಿ ಕೂತಿದ್ದ. ಎದುರಿಗೆ ಕ್ಯಾಮರಾ, ಪಕ್ಕದಲ್ಲಿ ಪ್ರಶ್ನೆ ಕೇಳುವ ಹೆಂಗಸು; ಚೂಪು ಮೂಗು, ಕುತ್ತಿಗೆಗೆ ನೇತುಹಾಕಿದ ಕನ್ನಡಕ. ಗುಂಡಿ ಒತ್ತಿ ಅವನು ಹೇಳಿದ: "ಡಾರ್ಲಿಂಗ್, ನಂದೊಂದು ಸಣ್ಣ ಸಂದರ್ಶನ. ಮುಗಿದ್ಮೇಲೆ ರೆಕಾರ್ಡಿಂಗ್. ಅಲ್ಲೀವರೆಗೆ ತಯಾರಿ ಮಾಡ್ಕೋ." ಗುಂಡಿ ಬಿಟ್ಟ.

ಪರದೆಯ ಬದಿಯಿಂದ ಅವನ ಬಾಯಿ ಸರಿಯಾಗಿ ಕಾಣುವಂತೆ ಎನಿಡ್ ತನ್ನ ಸ್ಟೂಲು ಎಳೆದುಕೊಂಡಳು. ಸ್ಟುಡಿಯೊದ ಮೈಕು ತೆರೆದೇ ಇತ್ತು; ಪರದೆಯ ಹಿಂದಿನ ಪಿಸುಮಾತು ಅದಕ್ಕೆ ಎಟುಕದು, ರಾಟೆಯ ಸದ್ದು ಎಟುಕುತ್ತದೆ. ಎನಿಡ್ ಹಗ್ಗ ಹಿಡಿದಳು.

"ಏನಂತಿದಾನೆ?" ಪಿಸುಗುಟ್ಟಿದೆ.

"ಅವನ ಊರು, ಶಾಲೆ. ಅದೆಲ್ಲ ನಿಜ ಇರಬಹುದು. ತಾಳು." ಅವಳ ಕಣ್ಣು ಸಣ್ಣದಾಯಿತು. "ಈಗ ಟ್ರಾಲಿ. 'ಅದೊಂದು ಭಾನುವಾರ. ನಾನು ಸ್ನಾನದ ತೊಟ್ಟೀಲಿ ಕೂತಿದ್ದೆ...'"

ಹಗ್ಗ ಎಳೆದಳು. ಕಿರ್ರ್ರ್... ಕುಂಯ್.

ಗಾಜಿನಾಚೆ ಕ್ಯಾಮರಾ ಹಿಡಿದವನ ಭುಜ ಹಾರಿತು. ಹ್ಯಾಡ್ಲಿ ತಲೆಯೆತ್ತಿ ಇತ್ತ ನೋಡಿ, ಕೈಬೀಸಿ, ಹಲ್ಲು ಬಿಟ್ಟ.

"'ನಮ್ಮವರು ತಯಾರಿ ಮಾಡ್ತಿದಾರೆ' ಅಂತಿದಾನೆ. ಅವಳು, 'ಹಾಗಾದ್ರೆ ಪೂರ್ತಿ ನಿಮ್ಮದೇ ಕಲ್ಪನೆ?' ಅಂದ್ಲು. ಇವನು ತುಟಿ ನೆಕ್ಕೊಂಡ. ನೋಡು ವಿಲ್ಫ್, ಸುಳ್ಳು ಬರೋಕ್ ಮುಂಚೆ ತುಟಿ ಒಣಗತ್ತೆ. 'ಪ್ರತಿಯೊಂದು ಅಕ್ಷರ...'"

ಕಿರ್ರ್ರ್... ಕುಂಯ್.

ಪ್ರಶ್ನೆ ಕೇಳುವವಳು ಕನ್ನಡಕ ಏರಿಸಿ ಗಾಜಿನ ಮೂಲಕ ಇತ್ತ ನೋಡಿದಳು. ಅವಳಿಗೆ ಅರ್ಥವಾದದ್ದು ನನಗೂ ಕಂಡಿತು. ಆರು ವರ್ಷ ರೇಡಿಯೊ ಕೇಳಿದ ಯಾರಿಗೆ ಅರ್ಥವಾಗುವುದಿಲ್ಲ? ಹ್ಯಾಡ್ಲಿಗೆ ಮಾತ್ರ ಆಗಲಿಲ್ಲ. ಅವನು ತನ್ನ ದನಿಯನ್ನೇ ಕೇಳಿಸಿಕೊಳ್ಳುತ್ತಿದ್ದ. ಅವಳು ಪುಣ್ಯಾತ್ಮೆ, ಸಂದರ್ಶನ ನಿಲ್ಲಿಸಲಿಲ್ಲ. ಕುರ್ಚಿ ಮುಂದೆಳೆದು ಒಂದರ ಮೇಲೊಂದು ಪ್ರಶ್ನೆ ಹಾಕಿದಳು, ಎನಿಡ್ ಒಂದರ ಮೇಲೊಂದು ಓದಿದಳು.

"'ನನ್ನ ಜತೆ ಕೆಲಸ ಮಾಡಿದವರೆಲ್ಲ ನನ್ನ ಸ್ನೇಹಿತರು.'" ಕಿರ್ರ್. "'ಬಹುಮಾನ ನನಗೆ ಮುಖ್ಯ ಅಲ್ಲ.'" ಕಿರ್ರ್ರ್, ಕುಂಯ್. ಕ್ಯಾಮರಾದವನು ತುಟಿ ಕಚ್ಚಿ ಅಲುಗಾಡುತ್ತಿದ್ದ. "ಈಗ ನನ್ನ ವಿಷಯ ಕೇಳಿದ್ಲು ವಿಲ್ಫ್. 'ಆ ಸದ್ದು ಮಾಡ್ತಿದ್ದವರು ಯಾರು?' ಅಂತ." ಎನಿಡಳ ದನಿ ಇಳಿಯಿತು. "'ಒಳ್ಳೇ ಹೆಂಗಸು. ಏನದು ಅವಳ ಹೆಸರು... ಐರಿಸ್. ನಮ್ಮ ಮನೇವರಲ್ಲೇ ಒಬ್ಬಳ ಹಾಗೆ.'"

ಅವಳು ಎದ್ದು ನಿಂತಳು. ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು, ಕೋಲುಗಳನ್ನು ನೆಲದಿಂದ ಚೌಕಟ್ಟಿನ ತುದಿಯವರೆಗೆ ಒಂದೊಂದೇ ಗೇಣು ಏರಿಸಿದಳು. ಅಷ್ಟುದ್ದದ ಕಿರುಗುಟ್ಟುವಿಕೆಯನ್ನು ನಾನು ಹಿಂದೆ ಕೇಳಿಲ್ಲ, ಮುಂದೆಯೂ ಕೇಳಲಿಲ್ಲ. ಅದು ಮುಗಿಯುವಷ್ಟರಲ್ಲಿ ಗಾಜಿನಾಚೆ ಎಲ್ಲರೂ ಹೊಟ್ಟೆ ಹಿಡಿದು ಬಾಗಿದ್ದರು. ಒಂದು ಸದ್ದೂ ಇತ್ತ ಬರಲಿಲ್ಲ. ತೆರೆದ ಬಾಯಿಗಳು ಮಾತ್ರ. ಎನಿಡ್ ಒಂದೊಂದೇ ಬಾಯಿ ನೋಡಿದಳು, ಬೆಳೆ ನೋಡುವ ಹಾಗೆ.

ಆಗ ಹ್ಯಾಡ್ಲಿಗೆ ತಿಳಿಯಿತು. ಮುಖ ಹಂದಿಮಾಂಸದ ಬಣ್ಣಕ್ಕೆ ತಿರುಗಿತು. ಗುಂಡಿ ಒತ್ತಿದ.

"ಸಾಕು! ಈಗ ರೆಕಾರ್ಡಿಂಗ್. ಅದೇ ಸದ್ದು, ಅಷ್ಟೇ ಉದ್ದ. ದೀಪ ಹಾಕಿ!"

ಅವನಿಗಿನ್ನೂ ಲೆಕ್ಕ ಗೆಲ್ಲುವಂತೆ ಕಾಣುತ್ತಿತ್ತು: ನಗಲಿ, ಸದ್ದು ಒಮ್ಮೆ ಟೇಪಿಗೆ ಬಿದ್ದರೆ ಸಾಕು. ಎನಿಡ್ ಮೇಲಂಗಿಯ ಜೇಬಿನಿಂದ ಎಣ್ಣೆ ಡಬ್ಬಿ ತೆಗೆದಳು. ಉದ್ದ ಕೊಕ್ಕನ್ನು ರಾಟೆಯ ಅಚ್ಚಿಗೆ ತೋರಿ ಈ ಬದಿ ಎರಡು ಹನಿ, ಆ ಬದಿ ಎರಡು ಹನಿ. ನನ್ನತ್ತ ನೋಡಿದಳು. ನಾನು ವ್ಯಾಪಾರಿ, ಒಳಗೇ ಬೆಲೆ ಕಟ್ಟಿದೆ. ನನ್ನ ಜೀವಮಾನದಲ್ಲಿ ಅಷ್ಟು ಬೆಲೆಬಾಳುವ ತುಕ್ಕು ನನ್ನ ಕೈ ಹಾದುಹೋಗಿಲ್ಲ.

ಕೆಂಪು ದೀಪ ಹತ್ತಿತು. ಎನಿಡ್ ಹಗ್ಗ ಎಳೆದಳು.

ಕೋಲುಗಳು ಹೊಗೆಯಂತೆ ಮೇಲೇರಿದವು. ಇಳಿಸಿದಳು. ಇಳಿದವು. ಮತ್ತೆ ಏರಿಸಿದಳು.

"ಡಾರ್ಲಿಂಗ್, ಏನೂ ಕೇಳ್ತಿಲ್ಲ," ಎಂದಿತು ಗಾಜಿನಾಚೆಯ ದನಿ. "ಇನ್ನೊಂದು ಸಲ."

ಇನ್ನೊಂದು ಸಲವೂ ಎಳೆದಳು, ಪ್ರಾಮಾಣಿಕವಾಗಿ.

ಹ್ಯಾಡ್ಲಿ ಬಾಗಿಲು ದೂಡಿಕೊಂಡು ಒಳಗೆ ಬಂದ. ಕ್ಯಾಮರಾ ಅವನ ಬೆನ್ನಿಗೇ ಬಂತು. ಆರು ವರ್ಷದಲ್ಲಿ ಮೊದಲ ಬಾರಿಗೆ ಪರದೆಯ ಹಿಂದೆ ಇಣುಕಿದ.

"ಇದು... ಬಟ್ಟೆ ಒಣಗಿಸೋದಲ್ವಾ?"

"ಹೌದು ಸರ್. ಮೊನ್ನೆ ಇದರ ಕೆಳಗೇ ಕೂತು ಕೇಕು ತಿಂದ್ರಲ್ಲ. ಇಟ್ಟಿಗೆ ಥರದ ಕೇಕು."

ಕಾರಿನ ಗಾಜು ಏರಿಸಿತ್ತಲ್ಲ ಎಂಬ ಯೋಚನೆ ಅವನ ಹಣೆಯ ಮೇಲೆ ನಿಧಾನಕ್ಕೆ ಹಾದುಹೋದದ್ದನ್ನು ನಾನು ನೋಡಿದೆ.

"ಮತ್ತೆ ಟ್ರಾಲಿ?"

"ಅದು ಟೀ ತರೋಕೆ," ಎಂದಳು ಎನಿಡ್. "ನನ್ನ ಹೆಸರು ಐರಿಸ್ ಅಲ್ಲ."

ರಾಟೆಯನ್ನು ಮತ್ತೆ ಕಂಬಳಿಯಲ್ಲಿ ಸುತ್ತಿ ನಾವು ನಾಲ್ಕೂವರೆಯ ರೈಲು ಹಿಡಿದೆವು.

ಆ ನಿಜವಾದ ವರದಿ ಒಂದು ಭಾನುವಾರ ಪ್ರಸಾರವಾಯಿತು. ಚೂಪು ಮೂಗಿನವಳು ಒಂದು ಕಿರ್ರನ್ನೂ ಕತ್ತರಿಸಿರಲಿಲ್ಲ. ಕೊನೆಯಲ್ಲಿ ಹೆಸರುಗಳ ಸಾಲಿನಲ್ಲಿ, ಹ್ಯಾಡ್ಲಿಗಿಂತ ಮೊದಲು: ಟೀ ಟ್ರಾಲಿ, ಎನಿಡ್ ಹಾರ್ಸ್‌ಫಾಲ್. ಎನಿಡ್ ಅದನ್ನು ನೋಡಿ, "ಅಕ್ಷರ ಸಣ್ಣದಾಯ್ತು," ಎಂದು ಎದ್ದು ಟೀ ಹಾಕಲು ಹೋದಳು. ಅಡುಗೆಮನೆಯಲ್ಲಿ ಬಹಳ ಹೊತ್ತು ನಿಂತಳು. ಕೆಟಲ್ ಕುದಿದ ಸದ್ದು ಅವಳಂಥವಳಿಗೂ ಕೇಳಿಸಲಿಲ್ಲ.

ಹ್ಯಾಡ್ಲಿಯ ಮಾಲೆ ಟೆಲಿವಿಷನ್ನಿನಲ್ಲೂ ಬಂತು, ಆರು ವಾರ. ಟ್ರಾಲಿಗೆ ನನ್ನ ತಂಗಿಯ ಗೇಟಿನ ಸದ್ದು ಹಾಕಿದ್ದರು. ಆದರೆ ಅದು ಕೇಳಿದಾಗಲೆಲ್ಲ ಜನರಿಗೆ ನೆನಪಾಗುತ್ತಿದ್ದುದು ಸ್ನಾನದ ತೊಟ್ಟಿ. ಅವನು ಹೋದ ಔತಣಗಳಲ್ಲಿ, ಬಾಯಿ ತೆರೆದ ಕೂಡಲೇ ಮೇಜಿನ ಯಾವುದೋ ತುದಿಯಿಂದ ಯಾರೋ ಕಿರ್ರೆನ್ನುತ್ತಿದ್ದರಂತೆ. ವರ್ಷದ ಕೊನೆಗೆ ಅವನಿಂದ ಕಾಗದ ಬಂತು: ಅದೆಲ್ಲ ಇಬ್ಬರೂ ಮೊದಲೇ ಮಾತಾಡಿಕೊಂಡು ಮಾಡಿದ ತಮಾಷೆ ಎಂದು ಪತ್ರಿಕೆಗೆ ನಾಲ್ಕು ಸಾಲು ಬರೆದುಕೊಟ್ಟರೆ ಬಹಳ ಉಪಕಾರವಾಗುತ್ತದೆ, ಡಾರ್ಲಿಂಗ್.

"ಬರೆದುಕೊಡ್ತೀಯಾ?" ಎಂದು ಕೇಳಿದೆ. "ಪಾಪ, ಸಾಕಲ್ವಾ?"

"ಕೇಕು ಇಟ್ಟಿಗೆ ಥರ ಇತ್ತಂತೆ," ಎಂದಳು.

ಕಾಗದವನ್ನು ಬಟ್ಟೆಯ ಕ್ಲಿಪ್ಪಿನಲ್ಲಿ ಸಿಕ್ಕಿಸಿ ಕೋಲಿಗೆ ತೂಗುಹಾಕಿದಳು. ಮುಂದೆ ಹದಿನೇಳು ವರ್ಷ, ಅವಳು ಇರುವತನಕ, ಅದು ಅಲ್ಲೇ ಕಾಲುಚೀಲಗಳ ನಡುವೆ ಇತ್ತು. ಟೀಗೆ ಬಂದವರು ಅದೇನೆಂದು ಕೇಳಿದರೆ ಎನಿಡ್ ಹಗ್ಗ ಸಡಿಲಿಸಿ ಅವರ ಮೂಗಿನ ಮಟ್ಟಕ್ಕೆ ಇಳಿಸುತ್ತಿದ್ದಳು, ಓದಲು ಬಿಡುತ್ತಿದ್ದಳು, ಮತ್ತೆ ಸೂರಿಗೆ ಏರಿಸುತ್ತಿದ್ದಳು. ರಾಟೆ ಸದ್ದು ಮಾಡುತ್ತಿರಲಿಲ್ಲ. ಪ್ರತಿ ಕ್ರಿಸ್‌ಮಸ್ಸಿಗೆ ಅದಕ್ಕೆ ಎರಡು ಹನಿ ಎಣ್ಣೆ ಬಿಡುವುದನ್ನು ಅವಳು ಮರೆಯಲಿಲ್ಲ.

ನಷ್ಟವಾದದ್ದು ನನಗೆ. ಈಗಲೂ ಗುರುವಾರ ಯಾವುದಾದರೂ ಕುರ್ಚಿ ತೋರಿಸಿ "ನೂರು ವರ್ಷ ಹಳೇದು, ಒಂದು ಗೀರೂ ಇಲ್ಲ" ಎಂದೆನೋ, ಮೀನಂಗಡಿಯ ಕಡೆಯಿಂದ ಕಿರ್ರೆಂದು ಕೇಳುತ್ತದೆ.